ಸತ್ಯಾಂಶ: 21 ದಿನಗಳಲ್ಲಿ ಖಿನ್ನತೆ ಹೋಗುತ್ತದೆಯೇ?

ಪರೀಕ್ಷೆ ಹತ್ತಿರವಾದಂತೆ ವಿದ್ಯಾರ್ಥಿಗಳ ಮೊಬೈಲಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ: 21 ದಿನ ಒಳ್ಳೆಯದನ್ನೇ ಯೋಚಿಸಿದರೆ ಖಿನ್ನತೆ ತಾನಾಗಿ ಹೋಗುತ್ತದೆ. ಇದು ನಿಜವಲ್ಲ.

ಆ ಸಂಖ್ಯೆ ಹರಡಿದ್ದು 1960ರ ಒಂದು ಪುಸ್ತಕದಿಂದ. ಶಸ್ತ್ರಚಿಕಿತ್ಸೆಯಿಂದ ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕು ಎಂದು ವೈದ್ಯರೊಬ್ಬರು ಅದರಲ್ಲಿ ಬರೆದಿದ್ದರು. ‘ಕನಿಷ್ಠ’ ಎಂಬ ಪದ ಬಾಯಿಂದ ಬಾಯಿಗೆ ದಾಟುವಾಗ ಉದುರಿಹೋಯಿತು. ಖಿನ್ನತೆ ಎಲ್ಲಿಂದ ಸೇರಿಕೊಂಡಿತೋ! ಖಿನ್ನತೆಯ ಮಾತು ಹಾಗಿರಲಿ, ಒಂದು ಹೊಸ ಅಭ್ಯಾಸ ರೂಢಿಯಾಗಲೂ 18ರಿಂದ 254 ದಿನ ಬೇಕಾಗಬಹುದು ಎಂದು ನಂತರದ ಅಧ್ಯಯನವೊಂದು ಅಂದಾಜಿಸಿತು.

ಕಳುಹಿಸುವವರದು ಕಾಳಜಿಯೇ. ಆದರೆ 22ನೆಯ ದಿನವೂ ಮಂಕಾಗಿಯೇ ಎದ್ದ ವಿದ್ಯಾರ್ಥಿ ತನ್ನನ್ನೇ ದೂರಿಕೊಳ್ಳಬಹುದು.

ಇಂಥ ಸಂದೇಶದಲ್ಲಿ ಸಂಖ್ಯೆ ಕಂಡರೆ ಅದರ ಮೂಲ ಹುಡುಕಿ: ಯಾರನ್ನು ಗಮನಿಸಿ ಹೇಳಿದ್ದು, ಯಾವ ವಿಷಯಕ್ಕೆ? ಬೇಸರ, ನಿದ್ದೆಗೇಡು ಎರಡು ವಾರ ಬಿಡದಿದ್ದರೆ ದಿನ ಎಣಿಸುತ್ತ ಕೂರದೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ.