ಬೇಳೆ ಬೇಯಲೊಲ್ಲದು
ಬೇಸಿಗೆ ಬಂತೆಂದರೆ ಪುಣೆಯ ನಮ್ಮ ಸೊಸೈಟಿಗೆ ಟ್ಯಾಂಕರ್ ನೀರೇ ಗತಿ. ಖಡಕವಾಸ್ಲಾ ಅಣೆಕಟ್ಟಿನ ನೀರು ಕುಡಿದು ಬೆಳೆದ ಗೀಸರ್‌ಗೆ ಈ ಬೋರ್‌ವೆಲ್ ನೀರು ಒಗ್ಗಲಿಲ್ಲ. ರಿಪೇರಿ ಹುಡುಗ ಕಾಯಿಲ್ ಹೊರಗೆಳೆದ. ಬೆರಳು ದಪ್ಪ ಬಿಳಿ ಹಕ್ಕಳೆ. "ಪಾಣೀ ಖೂಪ್ ಹಾರ್ಡ್ ಆಹೆ, ಆಜಿ" ಅಂದ. ನೀರು ಬಹಳ ಹಾರ್ಡ್ ಇದೆ, ಅಜ್ಜಿ ಅಂತ.

ಧಾರವಾಡದಿಂದ ಬಂದಿದ್ದ ಅವ್ವ ಬಕೆಟ್‌ಗೆ ಕೈ ಅದ್ದಿ ನೋಡಿದಳು. "ಹಾರ್ಡ್ ಅಂದ್ರ ಗಟ್ಟಿ ಅಲ್ಲೇನೋ? ಇದು ಮಜ್ಜಿಗಿಯಷ್ಟೂ ಗಟ್ಟಿ ಇಲ್ಲಲ್ಲೋ! ಸವಳ ನೀರು ಅನ್ನಬಾರದೇನು?"

ಸವಳು ಬೇರೆ, ಇದು ಬೇರೆ ಎಂದೆ. ನೆಲದೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿ ಬಂದಿರುತ್ತದೆ, ಅಷ್ಟೆ. ಕುಡಿಯುವ ನೀರಿನ ಈ ಗಡಸುತನಕ್ಕೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, ಎಳೆದ ಗೆರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲವೆಂದರೆ 600ರವರೆಗೆ ನಡೆಯುತ್ತದೆ. ನಮ್ಮ ಟ್ಯಾಂಕರ್‌ನವನ ಕಣ್ಣಿಗೆ ಎರಡೂ ಗೆರೆ ಬಿದ್ದಂತಿಲ್ಲ. ಸೋಪು ನೊರೆ ಬರುವುದಿಲ್ಲ, ಮೊಸರಿನ ಹಾಗೆ ಒಡೆಯುತ್ತದೆ. ತೊಗರಿಬೇಳೆಯಂತೂ ಕುಕ್ಕರ್ ಎಷ್ಟು ಕೂಗಿದರೂ ಜಪ್ಪಯ್ಯ ಅನ್ನುವುದಿಲ್ಲ. ಅವ್ವ ಚಿಟಿಕೆ ಸೋಡಾ ಹಾಕಿದ ಮೇಲೆಯೇ ಅದು ಕರಗಿದ್ದು.

ತಮಾಷೆ ಅಂದ್ರೆ, ಆ ಹಕ್ಕಳೆಗೆ ಅಂಥ ಗಟ್ಟಿತನವೇನೂ ಇಲ್ಲ. ಅದರಲ್ಲಿ ಹೆಚ್ಚಿನದು ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಖನಿಜತಜ್ಞ ಕಲ್ಲುಗಳನ್ನು ಒಂದಕ್ಕೊಂದು ಗೀರಿ ಗಟ್ಟಿತನದ ಪಟ್ಟಿ ಮಾಡಿದನಲ್ಲ, ಅದರಲ್ಲಿ ವಜ್ರ 10, ಕ್ಯಾಲ್ಸೈಟ್ ಬರೀ 3. ನಮ್ಮ ಉಗುರೇ ಎರಡೂವರೆ! ಕಾಯಿಲನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟೆವು. ಬುಸ್ ಎಂದು ನೊರೆಯೆದ್ದು, ರಾತ್ರಿ ಕಳೆಯುವಷ್ಟರಲ್ಲಿ ತಳಕ್ಕೆ ಉದುರಿತ್ತು.

ಇಂಗ್ಲಿಷಿನವರಿಗೆ ಹಾರ್ಡ್ ಎಂಬುದೊಂದು ಸಿಕ್ಕರೆ ಸಾಕು, ಎಲ್ಲಕ್ಕೂ ಅದನ್ನೇ ಅಂಟಿಸುತ್ತಾರೆ. ಅವ್ವನ ಕಿವಿ ನೋಡಿದ ಡಾಕ್ಟರು "ಹಾರ್ಡ್ ಆಫ್ ಹಿಯರಿಂಗ್" ಎಂದು ಬರೆದರು, ಕಿವಿ ಮಂದ ಅಂತ. "ಕಿವಿ ಮೆತ್ತಗ ಅದಲ್ಲೋ" ಎಂದು ಅವ್ವ ಹಿಂಡಿ ತೋರಿಸಿದಳು. ಸಾಫ್ಟ್ ಕಾಪಿ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಹಾರ್ಡ್ ಕಾಪಿಯೋ, ಮಳೆಹನಿ ತಾಗಿದರೆ ಹಪ್ಪಳ!

ನವೆಂಬರ್‌ನಲ್ಲಿ ಪೆನ್ಷನ್‌ಗೆ ಜೀವಂತ ಇರುವ ಪ್ರಮಾಣಪತ್ರ ಕೊಡಬೇಕಲ್ವಾ? ಬ್ಯಾಂಕಿಗೆ ಹೋದೆವು. ಕೌಂಟರ್‌ನವರು ಸೊಲ್ಲಾಪುರದ ಕಡೆಯವರು, ಚೆನ್ನಾಗಿ ಕನ್ನಡ ಬರುತ್ತದೆ. ನಾನು ಮೊಬೈಲಿನಲ್ಲಿ ಫಾರ್ಮ್ ತೋರಿಸಿದೆ. "ಇದು ನಡ್ಯಾಂಗಿಲ್ರಿ, ಹಾರ್ಡ್ ಕಾಪಿ ಬೇಕು" ಎಂದರು.

ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಾನ ಬಂದು ನಿಂತೀನಲ್ಲಪ್ಪಾ. ಇದಕ್ಕಿಂತ ಹಾರ್ಡ್ ಕಾಪಿ ಎಲ್ಲಿಂದ ತರಲಿ?"