ಸುಟ್ಟ ಬಣವೆಗೆ ಯಾವ ಕೇಸು?

ಹೋದ ಬೇಸಿಗೆಯ ಮಾತು. ಕಾರಟಗಿ ಹತ್ತಿರದ ನಮ್ಮೂರಲ್ಲಿ ನೆಲ್ಲಿನ ಕಟಾವು ಮುಗಿದಿತ್ತು. ಪಕ್ಕದ ಗದ್ದೆಯವರು ಮಧ್ಯಾಹ್ನದ ಹೊತ್ತಲ್ಲಿ ಕೂಳೆಗೆ ಬೆಂಕಿ ಹಚ್ಚಿ ಊಟಕ್ಕೆ ಹೋದರು. ಗಾಳಿ ತಿರುಗಿತು. ಬೆಂಕಿ ಬದು ದಾಟಿ ನಮ್ಮ ದೊಡ್ಡಪ್ಪನ ಬಣವೆಗೆ ಹತ್ತಿತು. ಐದು ಟ್ರ್ಯಾಕ್ಟರ್ ಹುಲ್ಲು ಬೂದಿ. ಪಕ್ಕದಲ್ಲೇ ಇಟ್ಟಿದ್ದ ಪೈಪುಗಳು ಕರಗಿ ಮುದ್ದೆಯಾಗಿದ್ದವು. ಮನೆಯಲ್ಲಿ ನಾಲ್ಕು ಎಮ್ಮೆ.

ದೊಡ್ಡಪ್ಪ ಸೀದಾ ಪೊಲೀಸ್ ಠಾಣೆಗೆ ಹೋದರು. ನಾನೂ ಜೊತೆಗಿದ್ದೆ.

"ಬೇಕಂತ ಹಚ್ಚಿದ್ನೇನ್ರೀ?"

"ಇಲ್ರೀ ಸಾಹೇಬ್ರ, ಗಾಳಿಗೆ ಬಂದು ಹತ್ಕೊಂಡೈತಿ."

"ಹಂಗಾದ್ರ ಇದು ಸಿವಿಲ್ ಮ್ಯಾಟರ್ ಐತ್ರೀ ಯಜಮಾನ್ರ. ಕೋರ್ಟಿಗೆ ಹೋಗ್ರಿ."

ನಮ್ಮ ಕಡೆ 'ಸಿವಿಲ್ ಮ್ಯಾಟರ್' ಅಂದರೆ ಏನರ್ಥ ಗೊತ್ತಲ್ವಾ? ನಿಮ್ಮ ಕೆಲಸ ಆಗಲ್ಲ, ಎದ್ದು ಹೋಗಿ ಅಂತ. ದೊಡ್ಡಪ್ಪನೂ ಹಾಗೇ ತಿಳಿದು ಟವೆಲ್ ಕೊಡವಿಕೊಂಡು ಎದ್ದರು. ಹೊರಗೆ ಬಂದವರೇ ನನ್ನ ಮುಖ ನೋಡಿದರು. ಕಾನೂನು ಓದಿದ್ದೀಯಲ್ಲ, ಈಗ ಹೇಳು ಅನ್ನೋ ಹಾಗೆ.

ಓದಿದ್ದೆ, ನಿಜ. ಲಾ ಕಾಲೇಜಿನಲ್ಲಿ ಟಾರ್ಟ್ ಅಂತ ಒಂದು ಪೇಪರ್ ಇರುತ್ತೆ. ಪಾಸಾಗಿ ಮರೆತುಬಿಡುವ ಪೇಪರ್. ಪುಸ್ತಕಗಳಲ್ಲಿ ಅದಕ್ಕೆ 'ಅಪಕೃತ್ಯ' ಅಂತ ಬರೆದಿರುತ್ತಾರೆ. ಆ ಮಾತನ್ನು ನಮ್ಮೂರಲ್ಲಿ ಆಡಿದರೆ ಯಾರಿಗೂ ತಿಳಿಯೋದಿಲ್ಲ. ಲ್ಯಾಟಿನ್‌ನಲ್ಲಿ ಅದರ ಬೇರು ಹುಡುಕಿದರೆ ಸಿಗೋದು ಸೊಟ್ಟ, ತಿರುಚಿದ್ದು ಅನ್ನೋ ಅರ್ಥ. ಇದು ನಮಗೆ ಹತ್ತಿರ. ನೀನು ಸೊಟ್ಟಗೆ ನಡೆದೆ, ಅದರಿಂದ ನನಗೆ ಲುಕ್ಸಾನಾಯಿತು, ಕಟ್ಟಿಕೊಡು. ಅಷ್ಟೇ. ಠಾಣೆಯವರು ಹೇಳಿದ 'ಸಿವಿಲ್ ಮ್ಯಾಟರ್' ಅಂದರೆ ಇದೇ.

ಕ್ರೈಮ್‌ನ ದಾರಿ ಬೇರೆ. ಅಲ್ಲಿ ಕೇಸು ನಡೆಸೋದು ಸರ್ಕಾರ. ಬಣವೆ ನಿಮ್ಮದೇ ಆದರೂ ಕೋರ್ಟಿನಲ್ಲಿ ನೀವು ಸುಮ್ನೆ ಒಬ್ಬ ಸಾಕ್ಷಿ. ತಪ್ಪು ಮಾಡಿದವನಿಗೆ ಜೈಲೋ ದಂಡವೋ ಆಗಬಹುದು. ಆ ದಂಡದ ದುಡ್ಡು ಸಾಮಾನ್ಯವಾಗಿ ಹೋಗೋದು ಸರ್ಕಾರದ ಖಜಾನೆಗೆ. ಎಮ್ಮೆಗೆ ಖಜಾನೆಯಿಂದ ಹುಲ್ಲು ಬರಲ್ಲ! ಸಿವಿಲ್‌ನಲ್ಲಿ ನೀವೇ ವಾದಿ. ದಾವೆ ಹಾಕುವವರು ನೀವು, ರಾಜಿ ಆಗುವವರೂ ನೀವು, ದುಡ್ಡು ಬಂದರೆ ಅದೂ ನಿಮಗೇ.

ಸಾಕ್ಷಿಯ ತೂಕವೂ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಬುದ್ಧಿಗೆ ಒಪ್ಪುವ ಸಂಶಯ ಒಂದು ಉಳಿದರೂ ಆರೋಪಿ ಬಿಡುಗಡೆ. ಸಿವಿಲ್‌ನಲ್ಲಿ ಅಷ್ಟು ಬೇಡ. ಯಾರ ಮಾತು ನಿಜ ಇರೋ ಸಂಭವ ಜಾಸ್ತಿ ಅಂತ ತಕ್ಕಡಿಯಲ್ಲಿಟ್ಟು ನೋಡುತ್ತಾರೆ. ಒಂದು ಕಡೆ ಸ್ವಲ್ಪ ತಗ್ಗಿದರೂ ಸಾಕು.

ಹಾಗಂತ ಠಾಣೆಯವರು ಹೇಳಿದ್ದು ಪೂರಾ ಸರಿ ಅಂತಲೂ ಅಲ್ಲ. ಬೇಕಂತ ಹಚ್ಚಿದ್ದರೆ ಅದು ಅಪರಾಧವೇ. ನಿರ್ಲಕ್ಷ್ಯದ ಬೆಂಕಿಯಿಂದ ಜನರ ಜೀವಕ್ಕೆ ಅಪಾಯ ಇತ್ತು ಅಂದರೆ ಅದಕ್ಕೂ ಕಾನೂನಿನಲ್ಲಿ ಕಲಂ ಇದೆ. ಒಂದೇ ಕೆಲಸ ಕ್ರೈಮೂ ಆಗಬಹುದು, ಟಾರ್ಟೂ ಆಗಬಹುದು. ಮಾನಹಾನಿಯನ್ನೇ ನೋಡಿ. ಅದಕ್ಕೆ ಎರಡೂ ಕಡೆ ಹೋಗಬಹುದು.

ಟಾರ್ಟಿಗೆ ನಮ್ಮಲ್ಲಿ ಒಂದು ಪೂರ್ತಿ ಕಾಯ್ದೆಯೇ ಇಲ್ಲ. ಫ್ರೆಡರಿಕ್ ಪೊಲಾಕ್ ಅನ್ನೋ ಇಂಗ್ಲಿಷ್ ಪಂಡಿತರು 1886ರಲ್ಲಿ ಭಾರತಕ್ಕೆ ಅಂತ ಒಂದು ಮಸೂದೆ ಬರೆದುಕೊಟ್ಟಿದ್ದರು. ಅದು ಪಾಸಾಗಲೇ ಇಲ್ಲ. ಇವತ್ತಿಗೂ ಜಾಸ್ತಿ ನಡೆಯೋದು ಹಳೇ ತೀರ್ಪುಗಳ ಮೇಲೆ. ಅದರಲ್ಲಿ ಒಂದು ತೀರ್ಪು ಕೆರೆ ಕಾಲುವೆ ನಂಬಿ ಬದುಕುವ ನಮ್ಮಂಥವರು ಓದಲೇಬೇಕಾದದ್ದು. ಇಂಗ್ಲೆಂಡಿನಲ್ಲಿ ಒಬ್ಬ ಮಿಲ್ ಮಾಲೀಕ ತನ್ನ ಜಾಗದಲ್ಲಿ ನೀರು ಕಟ್ಟಿ ನಿಲ್ಲಿಸಿದ್ದ. ಅದು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು. ಅಪಾಯದ ವಸ್ತುವನ್ನು ತಂದು ಕೂಡಿಟ್ಟವನೇ ಹೊಣೆ, ಅವನ ನಿರ್ಲಕ್ಷ್ಯ ತೋರಿಸಬೇಕಿಲ್ಲ ಅಂತ 1868ರಲ್ಲಿ ತೀರ್ಪಾಯಿತು. ರೈಲ್ಯಾಂಡ್ಸ್ ಕೇಸು ಅಂತ ಅದಕ್ಕೆ ಹೆಸರು. ಆಮೇಲೆ ನಮ್ಮ ದಕ್ಷಿಣದಲ್ಲೇ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಜೋರು ಮಳೆಗೆ ಒಡೆದು ಮದ್ರಾಸ್ ರೈಲ್ವೆಯ ಹಳಿಯನ್ನು ಹಾಳುಮಾಡಿದವು. ರೈಲ್ವೆಯವರು ಅದೇ ಇಂಗ್ಲೆಂಡಿನ ಸೂತ್ರ ಹಿಡಿದುಕೊಂಡು ಬಂದರು. ಆಗ ನಮ್ಮ ಕೇಸುಗಳಿಗೆ ಕೊನೇ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1874ರಲ್ಲಿ ಒಪ್ಪಲಿಲ್ಲ. ಈ ನಾಡಿನಲ್ಲಿ ಕೆರೆ ಕಾಯೋದು ಹಿಂದಿನಿಂದ ಬಂದ ಕರ್ತವ್ಯ, ಜನ ಬದುಕೋದೇ ಅದರಿಂದ, ಹಾಗಾಗಿ ನಿರ್ಲಕ್ಷ್ಯ ಇದ್ದರೆ ಮಾತ್ರ ಹೊಣೆ ಅಂದರು. ಲಂಡನ್ನಿನಲ್ಲಿ ಕೂತವರಿಗೆ ನಮ್ಮ ಕೆರೆಯ ಬೆಲೆ ಅರ್ಥವಾಗಿತ್ತು ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ.

ನಮ್ಮ ಬಣವೆಯದ್ದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಬೆಂಕಿ ಹಚ್ಚಿದವನು ಕಾಯಬೇಕಿತ್ತು, ಕಾಯಲಿಲ್ಲ, ಅದರಿಂದಲೇ ಹುಲ್ಲು ಸುಟ್ಟಿತು. ನಿರ್ಲಕ್ಷ್ಯದ ಕೇಸಿಗೆ ಬೇಕಾದ್ದೆಲ್ಲ ಇತ್ತು. ಆದರೆ ಕೋರ್ಟಿಗೆ ಹೋಗೋಣ ಅಂತ ನಾನು ಹೇಳಲಿಲ್ಲ. ಕೇಳುವ ದುಡ್ಡಿಗೆ ತಕ್ಕ ಕೋರ್ಟ್ ಫೀ, ವಾಯಿದೆ ಮೇಲೆ ವಾಯಿದೆ. ತೀರ್ಪು ಬರೋ ಹೊತ್ತಿಗೆ ಆ ಎಮ್ಮೆಗಳ ಕರುಗಳೇ ಈದಿರುತ್ತವೆ. ನಮ್ಮ ಜನ ಸಣ್ಣದಕ್ಕೂ ಎಫ್‌ಐಆರ್ ಆಗಲಿ ಅಂತ ಹಟ ಹಿಡಿಯೋದು ಇದಕ್ಕೇ. ಕಳೆದುಕೊಂಡದ್ದನ್ನು ಕೇಳುವ ದಾರಿ ಇಷ್ಟು ನಿಧಾನ ಇದ್ದರೆ, ಠಾಣೆಯ ಹೆದರಿಕೆ ತೋರಿಸಿ ದುಡ್ಡು ಎಬ್ಬಿಸೋಣ ಅನ್ನಿಸುತ್ತೆ. ಇದು ಪೊಲೀಸರಿಗೂ ಒಳ್ಳೆಯದಲ್ಲ, ನಮಗೂ ಅಲ್ಲ. ಸಣ್ಣ ನಷ್ಟದ ಕೇಸುಗಳಿಗೆ ತಾಲೂಕು ಮಟ್ಟದಲ್ಲೇ ಬೇಗ ಮುಗಿಯುವ ಒಂದು ಏರ್ಪಾಡು ಬೇಕು ಅಂತ ನನ್ನ ಹಟ.

ಆಗಲ್ಲ ಅನ್ನಬೇಡಿ. ರಸ್ತೆ ಅಪಘಾತಕ್ಕೆ ಆಗಿದೆಯಲ್ಲ. ನಮ್ಮ ಹಳ್ಳಿಯವರಿಗೆ ಟಾರ್ಟ್ ಗೊತ್ತಿಲ್ಲದಿದ್ದರೂ ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು, ಗೊತ್ತು. ಅದೂ ಇದೇ ಮರದ ಟೊಂಗೆ. ಹೊಸಪೇಟೆ ರಸ್ತೆಯಲ್ಲಿ ಲಾರಿ ಬಡಿದರೆ ಚಾಲಕನ ಮೇಲಿನ ಪೊಲೀಸ್ ಕೇಸು ಬೇರೆ, ಪರಿಹಾರದ ಅರ್ಜಿ ಬೇರೆ. ಅವನು ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದ ಅಂದ ಮಾತ್ರಕ್ಕೆ ಪರಿಹಾರ ಹೋಗಲ್ಲ. ಇದು ತಿಳಿಯದೆ ಎಷ್ಟೋ ಜನ ಕೈಚೆಲ್ಲಿ ಕೂರುತ್ತಾರೆ. ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಆ ಪರಿಹಾರದ ಅರ್ಜಿಗೆ 6 ತಿಂಗಳ ಗಡುವು ಹಾಕಿದೆ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಿಥಿ, ಕಾರ್ಯ ಮುಗಿಯಲಿ ಅಂತ ಮುಂದೆ ಹಾಕುತ್ತಾ ಹೋಗಬೇಡಿ.

ನಮ್ಮದು ಕಡೆಗೆ ಗುಡಿ ಕಟ್ಟೆ ಮೇಲೆ ಹಿರಿಯರ ಮುಂದೆ ಬಗೆಹರಿಯಿತು. ಪಕ್ಕದ ಗದ್ದೆಯವರು ಒಂದು ಒಳ್ಳೇ ಪ್ರಶ್ನೆ ಎತ್ತಿದರು: "ಬಣವಿ ಬದುವಿನ ಮ್ಯಾಲ ಒಟ್ಟು ಅಂತ ಹೇಳಿದವ್ರು ಯಾರಪ?" ದೊಡ್ಡಪ್ಪ ಮಾತಾಡಲಿಲ್ಲ. ನನಗೆ ಒಳಗೊಳಗೇ ನಗು. ಇದೇ ವಾದಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಇದೆ. ನಷ್ಟವಾದವನ ತಪ್ಪೂ ಸೇರಿದ್ದರೆ ಅಷ್ಟು ಪಾಲು ಪರಿಹಾರದಲ್ಲಿ ಮುರಿದುಕೊಳ್ಳಬೇಕು ಅಂತ. ಹಿರಿಯರೂ ಯಾವ ಪುಸ್ತಕ ಓದದೆ ಅದನ್ನೇ ಮಾಡಿದರು. ಮೂರು ಟ್ರ್ಯಾಕ್ಟರ್ ಹುಲ್ಲು, ಹೊಸ ಪೈಪು. ಉಳಿದ ಎರಡು ಟ್ರ್ಯಾಕ್ಟರ್ ದೊಡ್ಡಪ್ಪನ ಲೆಕ್ಕಕ್ಕೆ.

ಪೈಪು ಮಾರನೇ ದಿನವೇ ಬಂತು. ಹುಲ್ಲು ಎರಡು ಟ್ರ್ಯಾಕ್ಟರ್ ಬಂದಿದೆ. ಇನ್ನೊಂದು ಬರಬೇಕು. ದೊಡ್ಡಪ್ಪ ಅವರ ಗದ್ದೆ ಕಡೆ ಹೋದಾಗಲೆಲ್ಲ ನೆನಪಿಸಿ ಬರುತ್ತಾರೆ.