ಫಾರ್ವರ್ಡ್ ಪಾಸ್ ಶುರುವಾದದ್ದು 1913ರಲ್ಲಲ್ಲ

'ಅಮೆರಿಕನ್ ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ ಪಾಸ್ ಕಂಡುಹಿಡಿದವರು ಕೋಚ್ ನೂಟ್ ರಾಕ್ನಿ, 1913ರಲ್ಲಿ' ಅನ್ನೋ ಸಂದೇಶ ಗ್ರೂಪುಗಳಲ್ಲಿ ಓಡಾಡುತ್ತಿದೆ. ಫಾರ್ವರ್ಡ್ ಪಾಸ್ ಅಂದರೆ ಚೆಂಡನ್ನು ಕೈಯಿಂದ ಮುಂದಕ್ಕೆ, ತನ್ನ ತಂಡದವನಿಗೆ ಎಸೆಯೋದು. ಈ ಸಂದೇಶದಲ್ಲಿ ಎರಡು ತಪ್ಪಿವೆ.

1913ರಲ್ಲಿ ರಾಕ್ನಿ ಕೋಚ್ ಆಗಿರಲಿಲ್ಲ. ನೋಟರ್ ಡೇಮ್ ವಿಶ್ವವಿದ್ಯಾಲಯ ತಂಡದ ಆಟಗಾರ, ನಾಯಕ. ಕೋಚ್ ಜೆಸ್ಸಿ ಹಾರ್ಪರ್. ರಾಕ್ನಿ ಮುಖ್ಯ ಕೋಚ್ ಆದದ್ದು 1918ರಲ್ಲಿ.

ಇನ್ನು ಪಾಸ್ ವಿಚಾರ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದೇ 1906ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 5ರಂದು, ವಿಸ್ಕಾನ್ಸಿನ್‌ನ ವಾಕಶಾದಲ್ಲಿ, ಕ್ಯಾರೊಲ್ ಕಾಲೇಜಿನ ವಿರುದ್ಧ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ ತಂಡದ ಬ್ರಾಡ್‌ಬರಿ ರಾಬಿನ್ಸನ್ ಪಾಸ್ ಎಸೆದರು. ಮೊದಲನೆಯದು ಯಾರ ಕೈಗೂ ಸಿಗಲಿಲ್ಲ. ಆಗಿನ ನಿಯಮದಲ್ಲಿ ಹಾಗಾದರೆ ಚೆಂಡು ಸೀದಾ ಎದುರಾಳಿಗೆ! ಯಾರಾದರೂ ಹೆದರಬೇಕು, ಅಲ್ವಾ? ಇವರು ಬಿಡಲಿಲ್ಲ. ಆಮೇಲಿನ ಒಂದು ಪಾಸ್ ಜ್ಯಾಕ್ ಶ್ನೈಡರ್ ಕೈಸೇರಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಅಂಕ ಗಳಿಸೋದು) ಆಯಿತು. ಅವರ ಕೋಚ್ ಎಡ್ಡಿ ಕೋಕೆಮ್ಸ್, ಒಂದು ಕಾಲಕ್ಕೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಟಗಾರ. ಆ ಸೀಸನ್‌ನಲ್ಲಿ ಅವರ ತಂಡ ಆಡಿದ 11 ಪಂದ್ಯವನ್ನೂ ಗೆದ್ದಿತು. ನನ್ನ ಪ್ರಕಾರ ಜಾಸ್ತಿ ಹೆಸರು ಸಿಗಬೇಕಿದ್ದದ್ದು ಇವರಿಗೇ.

ಹಾಗಂತ 1913ರ ಕಥೆ ಸುಳ್ಳಲ್ಲ. ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಗಸ್ ಡೊರೇ ಎಸೆದ ಪಾಸ್‌ಗಳನ್ನು ರಾಕ್ನಿ ಹಿಡಿದರು. ನೋಟರ್ ಡೇಮ್ ಬಲಿಷ್ಠ ಆರ್ಮಿ ತಂಡವನ್ನು (ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯ ತಂಡ) 35-13ರಿಂದ ಸೋಲಿಸಿತು. ಪಾಸ್‌ಗೆ ದೇಶದ ತುಂಬ ಹೆಸರು ತಂದುಕೊಟ್ಟ ಪಂದ್ಯ ಅದು. ಆದರೆ ಆಗ ಪಾಸ್‌ಗೆ ಏಳು ವರ್ಷ ವಯಸ್ಸಾಗಿತ್ತು.

ದಯವಿಟ್ಟು ಆ ಹಳೇ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿಬಿಡಿ.